ಓಡುವವನ ಬೆನ್ನು, ಲೈಸೆನ್ಸಿನ ಕೋವಿ

ಮಂಡ್ಯದ ಕಡೆ ಪಂಪ್‌ಸೆಟ್ಟಿನ ಕೇಬಲ್ ಕಳ್ಳತನ ಶುರುವಾದರೆ ಒಂದೇ ರಾತ್ರಿಗೆ ನಿಲ್ಲುವುದಿಲ್ಲ. ಇವತ್ತು ಈ ಗದ್ದೆಯ ಬೋರ್‌ವೆಲ್, ನಾಳೆ ನಾಲೆ ಏರಿಯಾಚೆಯ ಮೋಟಾರ್ ಮನೆ. ಕದ್ದವನಿಗೆ ಗುಜರಿಯಲ್ಲಿ ತಾಮ್ರಕ್ಕೆ ಸಿಗುವುದು ಪುಡಿಗಾಸು. ರೈತನಿಗೆ ಹೊಸ ಕೇಬಲ್ ಎಳೆಸುವ ಖರ್ಚು, ಎಳೆಸುವವರೆಗೆ ಒಣಗುವ ಸಸಿಮಡಿ. ಊರ ಹುಡುಗರು ದೊಣ್ಣೆ, ಟಾರ್ಚು ಹಿಡಿದು ಗಸ್ತು ತಿರುಗಲು ಶುರು ಮಾಡುತ್ತಾರೆ. ಅರಳಿಕಟ್ಟೆಯ ಮೇಲೆ ಕೂತವರು ಊರಿನಲ್ಲಿ ಲೈಸೆನ್ಸ್ ಕೋವಿ ಇರುವ ಯಜಮಾನರನ್ನು ನೋಡಿ ಹೇಳುವ ಮಾತು ಮಾತ್ರ ಎಲ್ಲ ಊರಲ್ಲೂ ಒಂದೇ: "ಅಣ್ಣೋ, ನಿನ್ತಾವ ಕೋವಿ ಐತಲ್ಲ, ಒಂದ್ ಈಡು ಬುಟ್ಟಿದ್ರೆ ಮುಗ್ದೋಗದು."

ಕೋವಿ ಇರುವವನಿಗೆ ಇಲ್ಲದವನಿಗಿಂತ ಒಂದು ಹಿಡಿ ಹೆಚ್ಚು ಅಧಿಕಾರ ಇದೆ ಎಂಬ ನಂಬಿಕೆ ಈ ಮಾತಿನೊಳಗೆ ಕೂತಿದೆ. ಕಾನೂನಿನಲ್ಲಿ ಅಂಥ ಅಧಿಕಾರ ಎಲ್ಲೂ ಇಲ್ಲ. ಕೈಯಲ್ಲಿ ಮಚ್ಚಿರಲಿ, ದೊಣ್ಣೆ ಇರಲಿ, ಜೋಡಿ ನಳಿಗೆಯ ಕೋವಿ ಇರಲಿ, ಏನೂ ಇಲ್ಲದಿರಲಿ, ಪ್ರಾಣ ಮತ್ತು ಆಸ್ತಿ ಉಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಒಂದೇ ಅಳತೆಯದು. ಕೋವಿಯ ಜೊತೆ ಹೆಚ್ಚಾಗಿ ಬರುವುದು ಹೊಣೆ ಮಾತ್ರ. ಬರಿಗೈಯವನು ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಅಂಗಿ ಹಿಡಿದು ಜಗ್ಗಬಹುದು, ಕೆಡವಿ ಮೇಲೆ ಕೂರಬಹುದು. ಹೆಗಲಲ್ಲಿ ಕೋವಿ ಇದ್ದವನು ಅಷ್ಟನ್ನೂ ಮಾಡುವಂತಿಲ್ಲ. ಜಗ್ಗಾಟದಲ್ಲಿ ಕೋವಿ ಯಾರ ಕೈಗೆ ಹೋಗುತ್ತದೋ, ಯಾರ ಬೆರಳು ಎಲ್ಲಿ ತಗುಲುತ್ತದೋ ಹೇಳಲು ಬರುವುದಿಲ್ಲ. ಹಾಗಾಗಿ ಕೋವಿ ಇರುವವನು ಜಗಳದಿಂದ ಉಳಿದವರಿಗಿಂತ ಮೊದಲು ಹಿಂದೆ ಸರಿಯಬೇಕು ಎಂಬುದೇ ಈ ಬರಹದ ವಾದ. ಪೌರುಷದ ಲೆಕ್ಕ ಹಾಕುವವರಿಗೆ ಇದು ರುಚಿಸುವುದಿಲ್ಲ.

ಲೈಸೆನ್ಸ್ ಏನನ್ನು ಕೊಡುತ್ತದೆ ಎಂದು ಮೊದಲು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಇದರ ಆಧಾರ. ಮಂಡ್ಯ ಜಿಲ್ಲೆಯಲ್ಲೂ ಮೈಸೂರು ಜಿಲ್ಲೆಯ ತಾಲ್ಲೂಕುಗಳಲ್ಲೂ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಮೈಸೂರು ನಗರಕ್ಕೆ ಪೊಲೀಸ್ ಕಮಿಷನರ್ ಇರುವುದರಿಂದ ಅಲ್ಲಿ ಆ ಅಧಿಕಾರ ಕಮಿಷನರದು. ವಯಸ್ಸು 21 ತುಂಬಿರಬೇಕು. ಎ-1 ನಮೂನೆಯ ಅರ್ಜಿ, ಗುರುತಿನ ಮತ್ತು ವಿಳಾಸದ ದಾಖಲೆ, ದೇಹ ಮನಸ್ಸು ಎರಡೂ ಸರಿಯಿವೆ ಎಂದು ವೈದ್ಯರು ಕೊಡುವ ಪ್ರಮಾಣಪತ್ರ, ಕೋವಿಯನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ. ಇದಾದ ಮೇಲೆ ಠಾಣೆಯಿಂದ ವರದಿ. ಯಾರ ಮೇಲಾದರೂ ಜಮೀನಿನ ತಕರಾರಿನ ಕೇಸಿದ್ದರೆ, ಹೊಡೆದಾಟದ ದೂರಿದ್ದರೆ, ಅದು ಮೇಲೆ ಬರುವುದು ಈ ವರದಿಯಲ್ಲೇ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಅಜ್ಜನ ಕಾಲದ ಮೂರನೆಯ ಕೋವಿಯನ್ನು ಅಟ್ಟದ ಮೇಲೆ ಮರೆತವರು ಈಗಲಾದರೂ ನೆನಪಿಸಿಕೊಳ್ಳಬೇಕು. ಅಜ್ಜನ ಹೆಸರಿನಲ್ಲಿದ್ದ ಹಳೆಯ ಲೈಸೆನ್ಸು ಮೊಮ್ಮಗನನ್ನು ಕಾಯುವುದಿಲ್ಲ, ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡ ತಪ್ಪಿಗೆ ಈಗ 2ರಿಂದ 5 ವರ್ಷದ ಸಜೆ.

ಲೈಸೆನ್ಸ್ ಪುಸ್ತಕದಲ್ಲಿ ಏನು ಬರೆದಿದೆಯೋ ಅಷ್ಟೇ ನಿಮ್ಮದು. ಯಾವ ಬೋರಿನ (ನಳಿಗೆಯ ಅಳತೆಯ) ಯಾವ ನಂಬರಿನ ಬಂದೂಕು, ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು, ಯಾವ ಪ್ರದೇಶಕ್ಕೆ ಸಿಂಧು. ಕರ್ನಾಟಕಕ್ಕೆ ಮಾತ್ರ ಎಂದು ಬರೆದಿದ್ದರೆ ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಕಾರಿನಲ್ಲಿಟ್ಟುಕೊಂಡು ಹೋಗುವುದು ಅಪರಾಧ. ಷರತ್ತು ಮುರಿದರೆ 30ನೇ ಕಲಮಿನಡಿ 6 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಶಿಕ್ಷೆ ಸಣ್ಣದು ಎನಿಸಬಹುದು, ಆದರೆ ಅದರ ಹಿಂದೆಯೇ 17ನೇ ಕಲಮಿನಡಿ ಲೈಸೆನ್ಸು ಅಮಾನತ್ತಾಗುವ ಅಥವಾ ರದ್ದಾಗುವ ಆದೇಶ ಬರಬಹುದು.

ಇಲ್ಲಿ ಬಹಳ ಮನೆಗಳಲ್ಲಿ ನಡೆಯುವ ತಪ್ಪೊಂದಿದೆ. ಲೈಸೆನ್ಸು ಅಪ್ಪನ ಹೆಸರಿನಲ್ಲಿ, ರಾತ್ರಿ ಗದ್ದೆಗೆ ಕೋವಿ ಒಯ್ಯುವವನು ಮಗ. ಲೈಸೆನ್ಸುದಾರ ಜೊತೆಯಲ್ಲಿದ್ದರೆ, ಇಲ್ಲವೇ ಆತನ ಲಿಖಿತ ಒಪ್ಪಿಗೆಯ ಮೇಲೆ, ರಿಪೇರಿಗೋ ನವೀಕರಣಕ್ಕೋ ಆತನದೇ ಬಳಕೆಗೋ ಇನ್ನೊಬ್ಬರು ಹೊತ್ತು ತರಲು ಕಾಯ್ದೆಯ 3ನೇ ಕಲಂ ಅವಕಾಶ ಕೊಡುತ್ತದೆ. ಮಗ ಒಬ್ಬನೇ ಕಾವಲು ಕಾಯಲು ಒಯ್ದರೆ ಅದು ಈ ಅವಕಾಶದೊಳಗೆ ಬರುವುದಿಲ್ಲ. ಅಲ್ಲಿ ಮಗನದು ಲೈಸೆನ್ಸಿಲ್ಲದ ಬಂದೂಕು, ಅಪ್ಪನದು ಷರತ್ತಿನ ಉಲ್ಲಂಘನೆ. ಪಕ್ಕದ ಕೊಡಗಿನವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಹುಣಸೂರು, ಪಿರಿಯಾಪಟ್ಟಣದವರು ಉದಾಹರಣೆ ಕೊಡುವುದುಂಟು. ಆ ವಿನಾಯಿತಿ ಕೊಡವ ಜನಾಂಗಕ್ಕೆ ಮತ್ತು ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಸೇರಿದ್ದು, ಜಿಲ್ಲೆಯ ಗಡಿಗೆ ಅಂಟಿಕೊಂಡ ಊರುಗಳಿಗಲ್ಲ. ಅದೂ ಲೈಸೆನ್ಸಿನಿಂದ ಮಾತ್ರ ವಿನಾಯಿತಿ. ಗುಂಡು ಹಾರಿದ ಮೇಲೆ ಮಡಿಕೇರಿಯವನಿಗೂ ಮದ್ದೂರಿನವನಿಗೂ ಅನ್ವಯಿಸುವುದು ಒಂದೇ ನ್ಯಾಯ ಸಂಹಿತೆ.

ಸಾರ್ವಜನಿಕ ಜಾಗದಲ್ಲಿ ಒಯ್ಯುವ ರೀತಿಯನ್ನೂ ನಿಯಮಗಳು ಹೇಳುತ್ತವೆ. ಪಿಸ್ತೂಲಾದರೆ ಹೋಲ್‌ಸ್ಟರಿನಲ್ಲಿ ಅಥವಾ ಅಂಥದ್ದೇ ಚೀಲದಲ್ಲಿ, ಉದ್ದ ಕೋವಿಯಾದರೆ ಅದಕ್ಕೆಂದೇ ಮಾಡಿದ ಹೊದಿಕೆಯಲ್ಲಿ, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಸೊಂಟದಲ್ಲಿ ಕಾಣುವಂತೆ ಸಿಕ್ಕಿಸಿ ಮದುವೆ ಛತ್ರಕ್ಕೆ ಬರುವುದು, ಬುಲೆಟ್ ಬೈಕಿನ ಹಿಂದೆ ಕೂತು ಬರಿ ಕೋವಿ ಹಿಡಿದು ಊರ ಬೀದಿಯಲ್ಲಿ ಹಾದುಹೋಗುವುದು ಎರಡೂ ತಪ್ಪೇ. ದಸರೆಗೆ 21 ಕುಶಾಲತೋಪು ಹಾರಿಸುವ ಊರಿನ ಜನ ನಾವು. ಸದ್ದಿಗೂ ಸಂಭ್ರಮಕ್ಕೂ ನಂಟು ಹಳೆಯದು. ಆದರೆ ಮದುವೆ, ಜಾತ್ರೆ, ದೇವಸ್ಥಾನ ಅಥವಾ ಸಭೆಯಲ್ಲಿ ಸಂಭ್ರಮಕ್ಕೆಂದು ಯಾರಿಗಾದರೂ ಅಪಾಯವಾಗುವಂತೆ ಬಂದೂಕು ಹಾರಿಸಿದರೆ 2019ರಿಂದ ಅದೇ ಒಂದು ಪ್ರತ್ಯೇಕ ಅಪರಾಧ: 2 ವರ್ಷದವರೆಗೆ ಸಜೆ ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಹಚ್ಚುವವರು ಹಚ್ಚುವ ಮೊದಲು ನಳಿಗೆ ಖಾಲಿಯಿದೆಯೇ ನೋಡಲಿ, ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ 96ರಿಂದ 106 ಎಂದು ವಕೀಲರ ಬಾಯಲ್ಲಿ ಓಡಾಡುತ್ತಿದ್ದ ಕಲಮುಗಳೇ ಇವು, ನಂಬರು ಬದಲಾಗಿದೆ, ತಿರುಳು ಬಹುಮಟ್ಟಿಗೆ ಅದೇ. ನಿಮ್ಮ ದೇಹ, ಪರರ ದೇಹ, ನಿಮ್ಮ ಆಸ್ತಿ, ಪರರ ಆಸ್ತಿ, ಎಲ್ಲವನ್ನೂ ರಕ್ಷಿಸುವ ಹಕ್ಕು 35ನೇ ಕಲಮಿನಲ್ಲಿದೆ. ಹಾಗಾಗಿ "ನನಗೇನು ಸಂಬಂಧ, ಅವನ ಮನೆ ಕಳ್ಳತನ" ಎನ್ನುವ ದಾರಿಹೋಕನಿಗೂ ಕಾನೂನು ಬಾಗಿಲು ತೆರೆದೇ ಇಟ್ಟಿದೆ. ಬಾಗಿಲು ಕಿರಿದಾಗುವುದು 37ನೇ ಕಲಮಿನಲ್ಲಿ. ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾವಾಗಲೂ ಇಲ್ಲ.

ಎದುರಿನವನ ಪ್ರಾಣ ಹೋಗುವಷ್ಟು ದೂರ ಈ ಹಕ್ಕು ಚಾಚುವ ಸಂದರ್ಭಗಳನ್ನು ಸಂಹಿತೆ ಎಣಿಸಿಯೇ ಹೇಳಿದೆ. ದೇಹಕ್ಕೆ ಸಂಬಂಧಿಸಿದಂತೆ 38ನೇ ಕಲಂ: ಸಾವಿನ ಅಥವಾ ತೀವ್ರ ಗಾಯದ ಸಹಜ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರದ ಉದ್ದೇಶದ ಹಲ್ಲೆ, ಅಸ್ವಾಭಾವಿಕ ಕಾಮದ ಉದ್ದೇಶದ ಹಲ್ಲೆ, ಅಪಹರಣ, ಪೊಲೀಸರನ್ನು ತಲುಪಲಾಗದಂತೆ ಕೂಡಿಹಾಕುವುದು, ಆ್ಯಸಿಡ್ ದಾಳಿ. ಆಸ್ತಿಗೆ ಸಂಬಂಧಿಸಿದಂತೆ 41ನೇ ಕಲಂ: ಸುಲಿಗೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಕನ್ನ ಹಾಕಿ ಒಳನುಗ್ಗುವುದು, ವಾಸದ ಮನೆಗೋ ಸರಕು ಇಡುವ ಕಟ್ಟಡಕ್ಕೋ ಬೆಂಕಿ ಇಡುವುದು, ಮತ್ತು ತಡೆಯದಿದ್ದರೆ ಸಾವು ಅಥವಾ ತೀವ್ರ ಗಾಯವೇ ಆದೀತು ಎಂಬ ಭಯ ಹುಟ್ಟಿಸುವ ಕಳ್ಳತನ, ನಾಶ, ಮನೆ ಅತಿಕ್ರಮಣ. ಬರಿಯ ಕಳ್ಳತನ ಈ ಪಟ್ಟಿಯಲ್ಲಿಲ್ಲ. ಕೇಬಲ್ ಕತ್ತರಿಸುವವನು, ಕುರಿ ಹೊತ್ತೊಯ್ಯುವವನು, ಬೈಕಿನ ಪೆಟ್ರೋಲ್ ಬಸಿಯುವವನು ನಿಮ್ಮ ಮೇಲೆ ಏರಿ ಬರದಿದ್ದರೆ ಅವನನ್ನು ತಡೆಯಬಹುದು, ಅದಕ್ಕೆ ಅಗತ್ಯವಾದಷ್ಟು ಬಲ ಬಳಸಬಹುದು, ಸಾಯಿಸುವಂತಿಲ್ಲ.

"ಕಾಲಿಗೆ ಹೊಡೆದರಾಯಿತು" ಎನ್ನುವವರು ಇದ್ದಾರೆ. 12 ಬೋರಿನ ಕೋವಿಯ ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹಳೆಯ ಲೆಕ್ಕದಂತೆ ಗಜಕ್ಕೆ ಸುಮಾರು ಒಂದು ಅಂಗುಲ ಹರಡುತ್ತವೆ. 30 ಗಜ ದೂರದಲ್ಲಿ ಮಂಡಿಗೆ ಗುರಿಯಿಟ್ಟರೆ ಚರೆಯ ಹರಹು ಎರಡೂವರೆ ಅಡಿಯಾಗುತ್ತದೆ, ಅಂದರೆ ಪಾದದಿಂದ ತೊಡೆಯವರೆಗೆ. ನಾಲ್ಕನೇ ನಂಬರಿನ ತೋಟಾದಲ್ಲಿ ನೂರಕ್ಕೂ ಹೆಚ್ಚು ಚರೆಗಳಿರುತ್ತವೆ. ಎಲ್ಲಿ ಯಾವುದು ಹೋಗುತ್ತದೆ ಎಂದು ಹಾರಿಸಿದವನು ಹೇಳಲಾರ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಕತ್ತಲು, ಓಟ, ಕಬ್ಬಿನ ಗರಿಯ ಸದ್ದು, ಏದುಸಿರು, ಇಷ್ಟರ ನಡುವೆ ಕಾಲಿಗೆ ಗುರಿ ಎನ್ನುವುದು ಮಾತಿಗೆ ಮಾತ್ರ ಚೆನ್ನ. ಪಿಸ್ತೂಲಿನಲ್ಲಂತೂ ಕದಲುವ ಕಾಲು ತಪ್ಪುವುದೇ ಹೆಚ್ಚು, ತಪ್ಪಿದ ಗುಂಡು ನೆಲಕ್ಕೋ ಕಲ್ಲಿಗೋ ಬಡಿದು ಚಿಮ್ಮಿ ಎತ್ತಲೋ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನೆ ಮುರಿದಿರುವುದು ಓಡುವವನ ಬೆನ್ನು. ಹಕ್ಕು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಎಂದು 40 ಮತ್ತು 43ನೇ ಕಲಮುಗಳು ಹೇಳುತ್ತವೆ. ದೇಹದ ರಕ್ಷಣೆಯ ಹಕ್ಕು ಅಪಾಯದ ಭಯ ಇರುವವರೆಗೆ. ಸುಲಿಗೆಯ ವಿರುದ್ಧದ ಹಕ್ಕು ಸುಲಿಯುವವನು ಸಾವು, ಗಾಯ ಅಥವಾ ತಡೆಯೊಡ್ಡುವವರೆಗೆ, ಇಲ್ಲವೇ ಅವುಗಳ ತಕ್ಷಣದ ಭಯ ಇರುವವರೆಗೆ. ರಾತ್ರಿ ಕನ್ನದ ವಿರುದ್ಧ, ಕನ್ನದಿಂದ ಶುರುವಾದ ಅತಿಕ್ರಮಣ ಮುಂದುವರಿಯುವವರೆಗೆ. ಕುವೆಂಪುನಗರದ ರಸ್ತೆಯಲ್ಲಿ ಹೆಂಗಸಿನ ಸರ ಕಿತ್ತುಕೊಂಡ ಬೈಕು ತಿರುವು ದಾಟಿತೆಂದುಕೊಳ್ಳಿ. ಕಿತ್ತ ಕ್ಷಣದಲ್ಲಿ ಚಾಕು ಹೊರಬಂದಿದ್ದರೆ ಅಲ್ಲಿಯ ಲೆಕ್ಕ ಬೇರೆ. ತಿರುವು ದಾಟಿದ ಬೈಕಿನ ಹಿಂದಿನ ಸವಾರನ ಬೆನ್ನಿಗೆ ಹಾರಿಸಿದ ಗುಂಡು ಯಾರ ಪ್ರಾಣವನ್ನೂ ಕಾಯುವುದಿಲ್ಲ. ಸರ ಕಿತ್ತುಕೊಳ್ಳುವುದಕ್ಕೆ ಸಂಹಿತೆಯ 304ನೇ ಕಲಮಿನಲ್ಲಿ ಇರುವ ಶಿಕ್ಷೆ 3 ವರ್ಷದವರೆಗೆ ಸಜೆ, ಜೊತೆಗೆ ದಂಡ. ನ್ಯಾಯಾಲಯ ಮೂರು ವರ್ಷ ಕೊಡುವ ತಪ್ಪಿಗೆ ದಾರಿಹೋಕ ಮರಣದಂಡನೆ ಕೊಟ್ಟಂತಾಯಿತು.

ಶವಪರೀಕ್ಷೆ ಈ ವಿಷಯದಲ್ಲಿ ನಿರ್ದಯವಾಗಿರುತ್ತದೆ. ಗುಂಡು ಹೊಕ್ಕ ಗಾಯ ಬೆನ್ನಲ್ಲಿದ್ದರೆ "ನನ್ನ ಮೇಲೆ ಏರಿ ಬಂದ" ಎಂಬ ಮಾತು ಅಲ್ಲೇ ಸೊರಗುತ್ತದೆ. ಗಾಯದ ಸುತ್ತ ಮಸಿ ಮತ್ತು ಮದ್ದಿನ ಚುಕ್ಕೆ ಇದ್ದರೆ ಹತ್ತಿರದಿಂದ, ಇಲ್ಲದಿದ್ದರೆ ದೂರದಿಂದ. ಕೋವಿಯ ಚರೆ ಒಂದು ಮೀಟರಿನೊಳಗೆ ಒಂದೇ ತೂತಾಗಿ ಹೊಕ್ಕುತ್ತದೆ, ದೂರ ಹೆಚ್ಚಿದಂತೆ ಒಂದೊಂದೂ ಬೇರೆಯಾಗುತ್ತದೆ. ತೋಟಾದೊಳಗಿನ ಬಿರಡೆ ಎಲ್ಲಿ ಸಿಕ್ಕಿತು, ಖಾಲಿ ಚಿಪ್ಪು ಎಲ್ಲಿ ಬಿತ್ತು, ಎಲ್ಲವೂ ನಕ್ಷೆಯಾಗುತ್ತದೆ. ಖಾಸಗಿ ರಕ್ಷಣೆ ಎಂದು ಸಾಧಿಸುವ ಹೊಣೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ಆರೋಪಿಯದು. ಸಂಶಯಾತೀತವಾಗಿ ಸಾಧಿಸಬೇಕಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಹಕ್ಕಿನ ಎಲ್ಲೆ ಮೀರಿದ್ದರೂ ಸದುದ್ದೇಶದಿಂದ, ಮೊದಲೇ ಯೋಚಿಸದೆ ಆದದ್ದಾದರೆ ಕೊಲೆಯ ಆರೋಪ ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತದೆ. ಇಳಿದರೂ ಅದು ಜೈಲಿನ ದಾರಿಯೇ.

ನ್ಯಾಯಾಲಯಗಳು ಕಲ್ಲಾಗಿಲ್ಲ ಎಂಬುದನ್ನೂ ಹೇಳಬೇಕು. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ತಂದೆಯ ಮೇಲೆ ಹರಿತವಾದ ಆಯುಧದಿಂದ ಹಲ್ಲೆಯಾದಾಗ ತನ್ನ ಲೈಸೆನ್ಸ್ ಬಂದೂಕಿನಿಂದ ಗುಂಡು ಹಾರಿಸಿದ ಮಗನ ವಾದವನ್ನು ಒಪ್ಪಿತು. ಸಕಾರಣವಾದ ಭಯ ಇದ್ದರೆ ಸಾಕು, ಅಪರಾಧ ನಡೆದೇ ತೀರಬೇಕೆಂದಿಲ್ಲ. ಆ ಗಳಿಗೆಯಲ್ಲಿ ಎಷ್ಟು ಬಲ ಬೇಕಿತ್ತು ಎಂದು ಚಿನ್ನದ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದು ಅಲ್ಲಿ ಎತ್ತಿ ಹೇಳಿದ ತತ್ವ. ಹಲ್ಲೆ ಕಣ್ಣೆದುರು ನಡೆಯುತ್ತಿತ್ತು ಎಂಬುದೇ ಅಲ್ಲಿ ಎಲ್ಲವನ್ನೂ ನಿರ್ಧರಿಸಿದ ಅಂಶ. ಹಲ್ಲೆ ಮುಗಿದು ಅರ್ಧ ಗಂಟೆಯ ಮೇಲೆ ಕೋವಿ ತರಲು ಮನೆಗೆ ಹೋದವನಿಗೆ ಈ ತೀರ್ಪು ಆಸರೆಯಾಗುವುದಿಲ್ಲ. ಅವನು ಮನೆಗೆ ಹೋಗಿದ್ದೇ 112ಕ್ಕೆ ಫೋನ್ ಮಾಡಲು ಸಮಯವಿತ್ತು ಎಂಬುದಕ್ಕೆ ಸಾಕ್ಷಿ.

ಕಳ್ಳನನ್ನು ಹಿಡಿಯುವ ಅಧಿಕಾರ ಖಾಸಗಿ ವ್ಯಕ್ತಿಗೆ ಇದೆ. ಬಂಧನ, ತನಿಖೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ನಿಮ್ಮ ಎದುರಿನಲ್ಲೇ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದವನನ್ನು, ಇಲ್ಲವೇ ಘೋಷಿತ ಅಪರಾಧಿಯನ್ನು ನೀವು ಹಿಡಿಯಬಹುದು. ಹಿಡಿದ ಮೇಲೆ ಅನಗತ್ಯ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ಬಟ್ಟೆ ಬಿಚ್ಚಿಸುವುದು, ವಿಡಿಯೊ ಮಾಡುವುದು, "ಬೆಳಗಾಗ್ಲಿ ಪಂಚಾಯ್ತಿ ಮಾಡುವ" ಎಂದು ದನದ ಕೊಟ್ಟಿಗೆಯಲ್ಲಿ ಕೂಡಿಹಾಕುವುದು, ಇವು ಯಾವುವೂ ಆ ಅಧಿಕಾರದಲ್ಲಿ ಸೇರಿಲ್ಲ. ಅನುಮಾನದ ಮೇಲೆ ಹಿಡಿಯುವುದೂ ಸೇರಿಲ್ಲ. "ಯಾವೂರೋ ಗೊತ್ತಿಲ್ಲ, ರಾತ್ರಿ ಓಡಾಡ್ತಿದ್ದ" ಎನ್ನುವುದು ಎದುರಿನಲ್ಲಿ ನಡೆದ ಅಪರಾಧವಲ್ಲ.

ಗುಂಪು ಸೇರಿದ ಕಡೆ ಕೋವಿಯವನ ಸ್ಥಿತಿ ಇನ್ನೂ ಕೆಡುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುದ್ದಿಗೆ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರನ್ನು ಕೊಂದರು. ಎರಡರಲ್ಲೂ ಸತ್ತವರು ಯಾವ ಮಗುವನ್ನೂ ಕದ್ದಿರಲಿಲ್ಲ. ಇಂಥ ಗುಂಪಿನಲ್ಲಿ ಕೋವಿ ಹಿಡಿದು ನಿಂತವನು ಗುಂಡು ಹಾರಿಸದಿದ್ದರೂ ಮಾರಕಾಯುಧದೊಡನೆ ದೊಂಬಿಯಲ್ಲಿದ್ದ ತಪ್ಪಿಗೆ 5 ವರ್ಷದವರೆಗೆ ಸಜೆ ಇದೆ, ನ್ಯಾಯ ಸಂಹಿತೆಯ 190ನೇ ಕಲಮಿನಂತೆ ಗುಂಪಿನ ಸಮಾನ ಉದ್ದೇಶಕ್ಕಾಗಿ ಇನ್ನೊಬ್ಬ ಮಾಡಿದ ಕೊಲೆಯೂ ಅವನ ತಲೆಗೆ ಬರುತ್ತದೆ. ಐದು ಅಥವಾ ಹೆಚ್ಚು ಮಂದಿ ಜಾತಿ, ಭಾಷೆ, ಹುಟ್ಟಿದ ಸ್ಥಳ, ನಂಬಿಕೆಯಂಥ ಕಾರಣಕ್ಕೆ ಒಟ್ಟಾಗಿ ಕೊಂದರೆ 103ನೇ ಕಲಮಿನ 2ನೇ ಉಪಕಲಂ ಪ್ರಕಾರ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಗಸ್ತಿಗೆ ಹೋಗುವುದೇ ಆದರೆ ಟಾರ್ಚು, ಸೀಟಿ, ಚಾರ್ಜ್ ಇರುವ ಫೋನು, ಬೀಟ್ ಪೊಲೀಸರ ನಂಬರು ಸಾಕು. ಕೋವಿ ಮನೆಯಲ್ಲಿ ಬೀಗ ಹಾಕಿರಲಿ.

ನಗರದ ಅಂಗಡಿಯ ಲೆಕ್ಕ ಬೇರೆ, ಆದರೆ ಸುಲಭವಲ್ಲ. 2021ರ ಆಗಸ್ಟ್‌ನಲ್ಲಿ ಮೈಸೂರಿನ ವಿದ್ಯಾರಣ್ಯಪುರದ ಒಡವೆ ಅಂಗಡಿಯ ದರೋಡೆಯಲ್ಲಿ ಅಂಗಡಿಗೆ ಬಂದಿದ್ದ ಯುವಕನೊಬ್ಬ ದರೋಡೆಕೋರರ ಗುಂಡಿಗೆ ಸತ್ತ. ಆಗಲೂ "ಅಲ್ಲಿ ಒಬ್ಬನ ಹತ್ತಿರ ಗನ್ ಇದ್ದಿದ್ದರೆ" ಎಂಬ ಮಾತು ಬಂತು. ಇದ್ದಿದ್ದರೆ ಅವನಿಗೆ ಹಾರಿಸುವ ಹಕ್ಕು ಇರುತ್ತಿತ್ತು, ಸಂಶಯವಿಲ್ಲ. ಸುಲಿಗೆ ನಡೆಯುತ್ತಿದೆ, ಪ್ರಾಣಭಯವಿದೆ. ಹಕ್ಕಿದ್ದ ಮಾತ್ರಕ್ಕೆ ದಾರಿಯಿರುವುದಿಲ್ಲ. ಗಾಜಿನ ಮುಂಭಾಗದಾಚೆ ರಸ್ತೆ, ರಸ್ತೆಯಲ್ಲಿ ಜನ. .32 ಪಿಸ್ತೂಲಿನ ಗುಂಡು ಗಾಜನ್ನು ತೂರುತ್ತದೆ, ತೆಳು ಹಲಗೆಯನ್ನೂ ತೂರುತ್ತದೆ. ಗುಂಡು ತಪ್ಪಿದರೆ ಹಿಂದೆ ಏನಿದೆ ಎಂಬುದೇ ಮೊದಲ ಪ್ರಶ್ನೆ, ಎದುರಿನವನು ಯಾರು ಎಂಬುದು ಎರಡನೆಯದು. ಅಮಾಯಕರಿಗೆ ಅಪಾಯವಾಗದಂತೆ ಹಕ್ಕು ಚಲಾಯಿಸಲು ಸಾಧ್ಯವೇ ಇಲ್ಲದಂಥ ಮಾರಣಾಂತಿಕ ಹಲ್ಲೆಯಲ್ಲಿ ಆ ಅಪಾಯವನ್ನು ಎದುರು ಹಾಕಿಕೊಳ್ಳಲು 44ನೇ ಕಲಂ ಬಿಡುತ್ತದೆ. ಹಿಂಬಾಗಿಲಿನಿಂದ ಜಾರಿಕೊಳ್ಳಲು ದಾರಿಯಿದ್ದವನಿಗೆ ಆ ಕಲಂ ಆಸರೆ ಕೊಡುವುದು ಕಷ್ಟ. ಜೊತೆಗೆ ಇನ್ನೊಂದು ತೊಡಕು: ಪೊಲೀಸರು ಒಳಬಂದಾಗ ಅವರಿಗೆ ಕಾಣುವುದು ಬಂದೂಕು ಹಿಡಿದ ಇಬ್ಬರು. ಯಾರು ದರೋಡೆಕೋರ, ಯಾರು ಗಿರಾಕಿ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಮಫ್ತಿಯಲ್ಲಿ ಬೆನ್ನಟ್ಟುತ್ತಿರುವ ಪೊಲೀಸನನ್ನು ನೀವು ರೌಡಿ ಎಂದುಕೊಂಡರೆ ಎರಡೂ ಕಡೆ ಅನಾಹುತ. ಹಾಗಾಗಿ ಬೇರೆ ದಾರಿಯೇ ಇಲ್ಲದ ಗಳಿಗೆ ಬಂದ ಹೊರತು ಗಿರಾಕಿ ಮಾಡಬೇಕಾದ್ದು ಮರೆಗೆ ಸರಿಯುವುದು, ಪಕ್ಕದವರನ್ನು ನೆಲಕ್ಕೆ ಬಗ್ಗಿಸುವುದು, ಬೈಕಿನ ನಂಬರು ಮತ್ತು ಮುಖ ನೆನಪಿಟ್ಟುಕೊಳ್ಳುವುದು.

ಗಾಳಿಯಲ್ಲಿ ಹಾರಿಸುವುದೂ ನಿರಪಾಯವಲ್ಲ. ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಕೆಳಗೆ ಬರುತ್ತದೆ. .22ರ ಪುಟ್ಟ ಗುಂಡು ಸುಮಾರು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಪ್ರಾಣಾಪಾಯವಾಗುವಂತೆ ಅಜಾಗರೂಕತೆಯಿಂದ ನಡೆದುಕೊಂಡರೆ 125ನೇ ಕಲಂ, ಯಾರಾದರೂ ಸತ್ತರೆ 106ನೇ ಕಲಮಿನಡಿ 5 ವರ್ಷದವರೆಗೆ ಸಜೆ. ಗದ್ದೆಯ ಬದುವಿನ ಜಗಳದಲ್ಲಿ ಹಾರಿಸದೆ ಬರಿಯ ತೋರಿಸಿದರೂ ಅದು ಕೊಲ್ಲುವ ಬೆದರಿಕೆಯಾಗಿ 351ನೇ ಕಲಮಿನಡಿ 7 ವರ್ಷದವರೆಗೆ ಹೋಗಬಹುದು.

ಮೈಸೂರು ಮಂಡ್ಯದ ಕೋವಿಗಳಲ್ಲಿ ದೊಡ್ಡ ಪಾಲು ಬೆಳೆ ಕಾಯಲು ಪಡೆದವು. ಇಲ್ಲಿ ಇನ್ನೊಂದು ಕಾಯ್ದೆ ಬಂದು ಸೇರಿಕೊಳ್ಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. ಎಚ್.ಡಿ. ಕೋಟೆಯವರಿಗೆ ಇದು ಗೊತ್ತಿರುತ್ತದೆ. ರಂಗನತಿಟ್ಟು, ಮೇಲುಕೋಟೆ, ಆದಿಚುಂಚನಗಿರಿ ಕೂಡ ಅಭಯಾರಣ್ಯಗಳೇ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಕಡೆಯವರು ಮರೆಯುತ್ತಾರೆ. ರಂಗನತಿಟ್ಟಿನಿಂದ 10 ಕಿಲೋಮೀಟರ್ ಗೆರೆ ಎಳೆದರೆ ಅದು ಮೈಸೂರಿನ ಉತ್ತರದ ಅಂಚನ್ನೇ ಮುಟ್ಟುತ್ತದೆ.

ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. ಕಾಡುಹಂದಿಯೂ ಈಗ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯ (ರಕ್ಷಿತ ಪಟ್ಟಿಯ) ಪ್ರಾಣಿ. ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ. ಆನೆ, ಚಿರತೆ ಮೊದಲನೇ ಅನುಸೂಚಿಯವು. 2022ರ ಕೊನೆಯಲ್ಲಿ ಮತ್ತು 2023ರ ಮೊದಲಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತಾಗ ಕೋವಿ ತೆಗೆಯಬೇಕೆಂಬ ಸಿಟ್ಟು ಹುಟ್ಟಿದ್ದು ಸಹಜ. ಚಿರತೆ ಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಪ್ರಾಣ ಕಾಯಲು ಸದ್ಭಾವನೆಯಿಂದ ಹೊಡೆದರೆ 11ನೇ ಕಲಂ ಕಾಪಾಡುತ್ತದೆ. ಕಾಡಿಗೆ ಅಕ್ರಮವಾಗಿ ನುಗ್ಗಿದವನಿಗೆ ಆ ರಕ್ಷಣೆ ಇಲ್ಲ. ಕಬ್ಬಿನೊಳಗೆ ಅಡಗಿರುವ ಚಿರತೆಗೆ ಹೊರಗಿನಿಂದ ಚರೆ ಹೊಡೆಯುವುದು ಕಾನೂನಿಗಿಂತ ಮೊದಲು ಬುದ್ಧಿಗೇಡು. ಚರೆ ಅದನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ, ಮರುದಿನ ಕಬ್ಬು ಕಡಿಯಲು ಬರುವ ಹೆಂಗಸರು ಅದರ ಎದುರಾಗುತ್ತಾರೆ. ತಂತಿಗೆ ಕೋವಿ ಕಟ್ಟಿ ಕಾಲ್ದಾರಿಯಲ್ಲಿ ಇಡುವ ಹಳೆಯ ಪದ್ಧತಿಗಂತೂ ಯಾವ ಕಲಮಿನ ರಕ್ಷಣೆಯೂ ಸಿಗದು. ತಂತಿ ಎಡವಿದವರು ಯಾರು ಎಂದು ಕೋವಿಗೆ ಗೊತ್ತಾಗುವುದಿಲ್ಲ.

ಮನೆಯೊಳಗಿನ ಅನಾಹುತಗಳಿಗೆ ಕಾರಣ ಬಹುತೇಕ ಒಂದೇ, ಖಾಲಿ ಎಂದುಕೊಂಡ ಕೋವಿ. ಜೋಡಿ ನಳಿಗೆಯನ್ನು ಮುರಿದು ಎರಡೂ ಕೋಣೆ ನೋಡಬೇಕು, ನಳಿಗೆಯೊಳಗೆ ಬೆಳಕು ತೂರುವುದನ್ನು ಕಾಣಬೇಕು. ಕಣಜದ ಹುಳು ಗೂಡು ಕಟ್ಟಿದ್ದರೆ, ಕೆಸರು ಮೆತ್ತಿದ್ದರೆ, ಹಾರಿಸಿದಾಗ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಮದ್ದು ಜಡಿಯುವ ಕೇಪಿನ ಕೋವಿಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಖಾಲಿ ನಳಿಗೆಗೆ ಗಜ (ಮದ್ದು ಜಡಿಯುವ ಕೋಲು) ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಕೊರೆದಿಟ್ಟುಕೊಳ್ಳಬೇಕು, ಮುಂದೆ ಗಜ ಆ ಗುರುತಿನವರೆಗೆ ಇಳಿಯದಿದ್ದರೆ ಒಳಗೆ ಮದ್ದಿದೆ. ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ನಳಿಗೆಯನ್ನು ನಿರ್ಜನ ದಿಕ್ಕಿಗೇ ಹಿಡಿದು ತೋಟಾ ಕೋವಿಯಲ್ಲಿ ಅರ್ಧ ನಿಮಿಷವಾದರೂ, ಕೇಪಿನ ಕೋವಿಯಲ್ಲಿ ಒಂದೆರಡು ನಿಮಿಷವಾದರೂ ಕಾಯಬೇಕು, ನಿಧಾನಕ್ಕೆ ಹೊತ್ತಿ ಹಾರುವುದುಂಟು. ಬೇಲಿ, ಕಾಲುವೆ ದಾಟುವ ಮೊದಲು ತೋಟಾ ತೆಗೆಯಬೇಕು. ಸೇಫ್ಟಿ ಹಾಕಿದೆ ಎಂಬುದು ಸಮಾಧಾನವೇ ಹೊರತು ಭರವಸೆಯಲ್ಲ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಮಳೆಗಾಲದಲ್ಲಿ ಉಬ್ಬಿದ ತೋಟಾವನ್ನು ಒತ್ತಿ ತುರುಕಬಾರದು.

ಇಷ್ಟೆಲ್ಲ ಮೀರಿ ಗುಂಡು ಹಾರಿಯೇಬಿಟ್ಟರೆ? ಅಪಾಯ ಕಳೆದಿದೆಯೇ ನೋಡಿ, ಕೋವಿಯನ್ನು ಖಾಲಿ ಮಾಡಿ ನೆಲದ ಮೇಲಿಡಿ, 112ಕ್ಕೆ ಮತ್ತು 108ಕ್ಕೆ ನೀವೇ ಫೋನ್ ಮಾಡಿ. ಬಿದ್ದವನು ಕಳ್ಳನೇ ಆದರೂ ರಕ್ತ ನಿಲ್ಲಿಸಲು ಬಟ್ಟೆ ಒತ್ತಿ ಹಿಡಿಯಿರಿ. ಮಾನವೀಯತೆ ಹೇಗೂ ಇದೆ, ಉದ್ದೇಶದ ಪ್ರಶ್ನೆ ಬಂದಾಗ ನ್ಯಾಯಾಲಯವೂ ಅದನ್ನು ನೋಡುತ್ತದೆ. ಖಾಲಿ ಚಿಪ್ಪು ಎತ್ತಿಕೊಳ್ಳಬೇಡಿ, ಕೋವಿ ಒರೆಸಬೇಡಿ, ಕೈ ತೊಳೆಯಬೇಡಿ, ಸತ್ತವನ ಕೈಗೆ ಮಚ್ಚು ಇಡುವ ಸಲಹೆ ಕೊಡುವ ನೆಂಟನನ್ನು ಆಚೆ ಕಳಿಸಿ. ಸಾಕ್ಷ್ಯ ನಾಶವೇ ಒಂದು ಅಪರಾಧ, ನಿಜವಾದ ಆತ್ಮರಕ್ಷಣೆಯನ್ನೂ ಅದು ಸುಳ್ಳಾಗಿಸುತ್ತದೆ. ಪೊಲೀಸರು ಕೋವಿ, ತೋಟಾ, ಲೈಸೆನ್ಸ್ ಪುಸ್ತಕ ವಶಪಡಿಸಿಕೊಳ್ಳುತ್ತಾರೆ, ಕೈಯ ಮೇಲಿನ ಮದ್ದಿನ ಕಣಗಳನ್ನು ತೆಗೆದುಕೊಳ್ಳುತ್ತಾರೆ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಎಫ್‌ಐಆರ್ ನಿಮ್ಮ ಮೇಲೆಯೇ ಆಗಬಹುದು, ಅದರಿಂದ ಗಾಬರಿಯಾಗಬೇಕಿಲ್ಲ. ಖಾಸಗಿ ರಕ್ಷಣೆಯನ್ನು ತೂಗಿ ನೋಡುವ ಜಾಗ ಠಾಣೆಯಲ್ಲ, ನ್ಯಾಯಾಲಯ. ವಕೀಲರು ಬಂದ ಮೇಲೆ ವಿವರವಾದ ಹೇಳಿಕೆ ಕೊಡಿ. ಮೊದಲು ಹೇಳಿದ ಮಾತೊಂದು, ಆಮೇಲೆ ಹೇಳಿದ ಮಾತೊಂದು ಆದರೆ ಯಾವ ವಕೀಲರೂ ಏನೂ ಮಾಡಲಾರರು.

ಮನೆಯಲ್ಲಿ ಕೋವಿ ಇದೆ, ಬಳಸುವವರು ಯಾರೂ ಇಲ್ಲ ಎನ್ನುವವರ ಸಂಖ್ಯೆ ಈಗ ಹೆಚ್ಚುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿ, ಗದ್ದೆ ವಾರಕ್ಕೆ ಕೊಟ್ಟಾಗಿದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಠೇವಣಿ ಇಟ್ಟು ಫಲಿತಾಂಶದ ನಂತರ ತರುವುದೇ ಅದಕ್ಕಿರುವ ಓಡಾಟ. ಲೈಸೆನ್ಸುದಾರರಿಗೆ 70 ವರ್ಷವಾಗಿದ್ದರೆ ಅಥವಾ ಕೋವಿ 25 ವರ್ಷದಿಂದ ಅವರ ಬಳಿಯಿದ್ದರೆ ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ವಾರಸುದಾರರೂ ತರಬೇತಿ, ವೈದ್ಯಕೀಯ ಪತ್ರ, ಪೊಲೀಸ್ ವರದಿ ಎಲ್ಲ ದಾಟಬೇಕು. ಲೈಸೆನ್ಸುದಾರ ತೀರಿಕೊಂಡರೆ ಅಥವಾ ನವೀಕರಣ ತಪ್ಪಿದರೆ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಠಾಣೆಯಲ್ಲೋ ಅಧಿಕೃತ ಕೋವಿ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಇಡುವಾಗ ಕೋವಿಯ ನಂಬರು, ತೋಟಾಗಳ ಲೆಕ್ಕ, ದಿನಾಂಕ ಬರೆಸಿ, ಸಹಿ ಮೊಹರು ಇರುವ ರಸೀದಿ ಪಡೆದು, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಅಥವಾ ಕಮಿಷನರ್ ಕಚೇರಿಯ ಶಸ್ತ್ರಾಸ್ತ್ರ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.